ಸಾವಿರ ವರ್ಷ ಹಳೇ ರೆಸಿಪಿ, ಅದೂ ಕನ್ನಡದಲ್ಲಿ

ಹಳೇ ಒಲೆ, ಕಂತು 4

ಫೋಟೋದಲ್ಲಿರೋದು ಇಡ್ಲಿ ಅಂದ್ರೆ ನಂಬ್ತೀರಾ? ಅಕ್ಕಿ ಒಂದು ಕಾಳೂ ಇಲ್ಲ. ಹಿಟ್ಟನ್ನ ರಾತ್ರಿಯಿಡೀ ಉಬ್ಬೋಕೆ ಇಟ್ಟಿಲ್ಲ. ಉದ್ದಿನಬೇಳೆಯನ್ನ ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ಮೇಲೆ ನಿಲ್ಲೋ ತಿಳಿನೀರು ಹಾಕಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸೋದು. ಇಷ್ಟೇ. ಆಹಾರ ಇತಿಹಾಸಕಾರರು ಇವತ್ತಿನ ಇಡ್ಲಿಯ ಮುತ್ತಜ್ಜ ಅಂತ ಗುರುತಿಸೋದು ಇದನ್ನೇ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇದನ್ನ ಬರೆದಿಟ್ಟವನು ಇಮ್ಮಡಿ ಚಾವುಂಡರಾಯ. ಪುಸ್ತಕದ ಹೆಸರು ‘ಲೋಕೋಪಕಾರ’.

ಹೆಸರು ಗಮನಿಸಿ. ಲೋಕಕ್ಕೆ ಉಪಕಾರ ಆಗ್ಲಿ ಅಂತ ಬರೆದದ್ದು. ಅದರಲ್ಲಿ ಮಳೆ ಯಾವಾಗ ಬರುತ್ತೆ, ಬಾವಿ ಎಲ್ಲಿ ತೋಡಬೇಕು, ಮನೆ ಹೇಗೆ ಕಟ್ಟಬೇಕು, ದನಕ್ಕೆ ಕಾಯಿಲೆ ಬಂದ್ರೆ ಏನು ಮದ್ದು ಅನ್ನೋದೆಲ್ಲ ಇದೆ. ಆ ಸಾಲಲ್ಲೇ ಅಡುಗೆಗೂ ಒಂದು ಅಧ್ಯಾಯ. ಅಂದ್ರೆ ಬಾವಿ ತೋಡೋದರಷ್ಟೇ ಮುಖ್ಯವಾದ ವಿದ್ಯೆ ಬೇಳೆ ನೆನೆಸೋದು. ಅವನು ಸಂಸ್ಕೃತದಲ್ಲಿ ಬರೆಯಬಹುದಿತ್ತು, ವಿದ್ವಾಂಸರು ಶಹಬ್ಬಾಸ್ ಅಂತಿದ್ರು. ಆದ್ರೆ ಬರೆದದ್ದು ಕನ್ನಡದಲ್ಲಿ.

ಇಡ್ಲಿಯ ಹೆಸರು ಇನ್ನೂ ಹಳೇದು. ಕನ್ನಡದ ಅತಿ ಹಳೆಯ ಗದ್ಯ ಕೃತಿಗಳಲ್ಲೊಂದಾದ ‘ವಡ್ಡಾರಾಧನೆ’ಯಲ್ಲಿ, ಸುಮಾರು 10ನೇ ಶತಮಾನದಲ್ಲೇ, ‘ಇಡ್ಡಲಿಗೆ’ ಬರುತ್ತೆ. ಅಲ್ಲಿ ಬರೋದು ಮನೆಗೆ ಬಂದವರಿಗೆ ಬಡಿಸೋ ತಿನಿಸುಗಳ ಪಟ್ಟಿಯಲ್ಲಿ. ಹೆಸರಿದೆ, ಮಾಡೋ ವಿಧಾನ ಇಲ್ಲ. ಈ ವ್ಯತ್ಯಾಸ ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಲೋಕೋಪಕಾರ ಬಂದು ನೂರು ವರ್ಷ ಆದ್ಮೇಲೆ, 1130ರ ಆಸುಪಾಸಿನಲ್ಲಿ, ಅದೇ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಅದು ಸಂಸ್ಕೃತ, ಅದೂ ಅರಮನೆಯ ಊಟ. ವಡೆ, ಪೂರಿ, ದೋಸೆಗಳ ಹಿರೀಕರೆಲ್ಲ ಅಲ್ಲಿದ್ದಾರೆ. ಹೊಲದ ಇಲಿಯನ್ನ ಹುರಿಯೋ ಕ್ರಮವೂ ಇದೆ! (ಅದರ ಫೋಟೋ ಕೇಳಬೇಡಿ.) ಈ ಹಳೇ ಉಲ್ಲೇಖಗಳನ್ನೆಲ್ಲ ಜೋಡಿಸಿ ನಮಗೆ ಕೊಟ್ಟವರಲ್ಲಿ ಮುಖ್ಯರು ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚ್ಚಯ್ಯ. ಓದಿದ್ದು ಎಣ್ಣೆಯ ರಸಾಯನ ವಿಜ್ಞಾನ, ಹೆಸರು ಮಾಡಿದ್ದು ಊಟದ ಇತಿಹಾಸದಲ್ಲಿ. ಅಕ್ಕಿ ತರಿ, ಹುದುಗಿಸೋದು, ಹಬೆಯಲ್ಲಿ ಬೇಯಿಸೋದು, ಈ ಮೂರೂ ಹಳೇ ವಿವರಣೆಗಳಲ್ಲಿ ಕಾಣಲ್ಲ ಅಂತ ತೋರಿಸಿದ್ದು ಅವರೇ. ಇಡ್ಲಿಯ ಈಗಿನ ರೂಪ ಇಂಡೋನೇಷ್ಯಾ ಕಡೆಯಿಂದ ಬಂದಿರಬಹುದು ಅಂತಲೂ ಅವರು ಊಹಿಸಿದ್ರು. ಇದನ್ನ ಎಲ್ಲರೂ ಒಪ್ಪಲ್ಲ. ನನಗೂ ಸಾಕ್ಷಿ ಕಡಿಮೆ ಅನ್ಸುತ್ತೆ. ಒಂದು ಪುಸ್ತಕದಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ಯಾವ ಮನೆಯಲ್ಲೂ ಮಾಡ್ತಿರಲಿಲ್ಲ ಅಂತ ಹೇಗೆ ಹೇಳೋದು?

ಈಗ ನನಗೆ ತುಂಬಾ ಇಷ್ಟವಾದ ಪುಸ್ತಕಕ್ಕೆ ಬರೋಣ. ‘ಸೂಪಶಾಸ್ತ್ರ’, ಸುಮಾರು 1508. ಬರೆದವನು ಕಲ್ಲಹಳ್ಳಿಯ ಅರಸು ಮೂರನೇ ಮಂಗರಸ. ಪೂರ್ತಿ ಅಡುಗೆಯದೇ ಪುಸ್ತಕ, ಪೂರ್ತಿ ಸಸ್ಯಾಹಾರ (ಅವನು ಜೈನ), ಮತ್ತು ಪೂರ್ತಿ ವಾರ್ಧಕ ಷಟ್ಪದಿಯಲ್ಲಿ! ಪರೀಕ್ಷೆಗೆ ಮಾತ್ರೆ ಎಣಿಸಿ ಎಣಿಸಿ ಸುಸ್ತಾದೆವಲ್ಲ, ಅದೇ ಷಟ್ಪದಿ. ರೆಸಿಪಿಗೆ ಪದ್ಯ ಯಾಕೆ ಅಂತ ನಗಬೇಡಿ. ತಾಳೆಗರಿಯ ಕಾಲ ಅದು. ಎಲ್ಲರ ಕೈಗೂ ಪ್ರತಿ ಸಿಗಲ್ಲ, ಬಾಯಿಪಾಠ ಆಗಬೇಕು. ಇನ್ನೊಂದು ಲಾಭವೂ ಇದೆ: ನಕಲು ಮಾಡೋನು ಒಂದು ಪದ ಬಿಟ್ರೆ ಮಾತ್ರೆ ತಪ್ಪುತ್ತೆ, ಸಿಕ್ಕಿಬೀಳ್ತಾನೆ. ಹಿಟ್ಟಿನ ತಿಂಡಿ, ಪಾನಕ, ಅನ್ನ, ಪಲ್ಯ ಅಂತ ವಿಂಗಡಿಸಿ ಹೇಳ್ತಾನೆ. ಬದನೆಕಾಯಿ, ಹಲಸು, ಬಾಳೆ, ಬಿದಿರು ಕಳಲೆ ಎಲ್ಲಕ್ಕೂ ಜಾಗ ಇದೆ. ಅದರಲ್ಲೂ ಬದನೆಕಾಯಿ ಮೇಲೆ ಅವನಿಗೆ ವಿಶೇಷ ಪ್ರೀತಿ. ಹಾಸ್ಟೆಲ್ ಮೆಸ್ಸಿನ ಬದನೆ ಪಲ್ಯ ತಿಂದವರಿಗೆ ಇದು ಅರ್ಥ ಆಗೋದು ಕಷ್ಟ.

ಈಗ ಇಸವಿ ನೋಡಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498. ಪೋರ್ಚುಗೀಸರು ಗೋವಾ ಹಿಡಿದಿದ್ದು 1510. ಮಂಗರಸ ಬರೀತಿರೋದು ಆ ಎರಡರ ನಡುವೆ. ಅಮೆರಿಕದಿಂದ ಅವರ ಹಡಗಿನ ದಾರಿಯಲ್ಲಿ ಬಂದ ಮೆಣಸಿನಕಾಯಿ ಇನ್ನೂ ಅವನ ಅಡುಗೆಮನೆಗೆ ಕಾಲಿಟ್ಟಿಲ್ಲ. ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ ಯಾವುದೂ ಇಲ್ಲ. ಖಾರ ಬೇಕಂದ್ರೆ ಕಾಳುಮೆಣಸು, ಶುಂಠಿ. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಕರ್ನಾಟಕ ಊಹಿಸಿಕೊಳ್ಳಿ! ಆ ಅಡುಗೆಮನೆಯ ರುಚಿ ಹೀಗಿತ್ತು ಅಂತ ನಮಗೆ ಇವತ್ತು ತಿಳಿಯೋದು ಒಬ್ಬ ಕೂತು ಬರೆದಿಟ್ಟ ಅನ್ನೋ ಒಂದೇ ಕಾರಣಕ್ಕೆ.

ಬರೆದವರು ಯಾರು ಅಂತಲೂ ನೋಡಬೇಕಲ್ವಾ? ಒಬ್ಬ ಪಂಡಿತ, ಒಬ್ಬ ಚಕ್ರವರ್ತಿ, ಒಬ್ಬ ಅರಸು. ಮೂವರೂ ಗಂಡಸರು. ದಿನಾ ಬೆಳಗಾದ್ರೆ ಒಲೆ ಹಚ್ಚಿ, ಹೊಗೆ ಕುಡಿದು ಬೇಳೆ ರುಬ್ಬಿದ ಹೆಂಗಸರ ಒಂದು ಹೆಸರೂ ನಮಗೆ ಉಳಿದಿಲ್ಲ. ಬಡವರ ತಟ್ಟೆಯದೂ ಹೆಚ್ಚುಕಡಿಮೆ ಅದೇ ಕಥೆ. 16ನೇ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದು ಅಕ್ಕಿಗೂ ರಾಗಿಗೂ ಜಗಳ ಹಚ್ಚಿದ್ರು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಕೆಡದೆ ಉಳಿದು ಗೆದ್ದಿದ್ದು ರಾಗಿ, ಅಂದ್ರೆ ನರೆದಲೆಗ. ದುಡಿಯೋರ ಧಾನ್ಯಕ್ಕೆ ಇಡೀ ಒಂದು ಕಾವ್ಯ! ಓದಿಲ್ಲ ಅಂದ್ರೆ ಓದಿ, ಚಿಕ್ಕದೇ. ಆದ್ರೆ ಅದೂ ಕಾವ್ಯ, ಅಡುಗೆ ಪುಸ್ತಕ ಅಲ್ಲ. ಅವತ್ತು ಹೊಲದಿಂದ ಬಂದವರು ಆ ರಾಗಿ ಹಿಟ್ಟಿಗೆ ಎಂಥ ಸಾರು ಕಲಸಿಕೊಂಡು ಉಂಡ್ರು ಅಂತ ಅದರಿಂದ ಗೊತ್ತಾಗಲ್ಲ. ವಡ್ಡಾರಾಧನೆಯ ಇಡ್ಡಲಿಗೆ ನೆನಪಿದೆಯಾ? ಹಾಗೇ. ಹೆಸರು ಉಳಿಯುತ್ತೆ, ಕೈರುಚಿ ಹೋಗುತ್ತೆ.

ಅದಕ್ಕೇ ಈ ರಜದಲ್ಲಿ ಅಜ್ಜಿಯ ಉಪ್ಪುಸಾರು ಬರ್ಕೊಂಡೆ. ಅಜ್ಜಿ ಯಾವತ್ತೂ ಗ್ರಾಂ ಲೆಕ್ಕ ಹೇಳಿದವರಲ್ಲ. “ಎಷ್ಟು ಅಂದ್ರೆ? ಬೇಕಾದಷ್ಟು ಹಾಕೋದಪ್ಪ” ಅಂದ್ರು. ಅವರು ಹಿಡಿ ತುಂಬಿಸಿ ಪಾತ್ರೆಗೆ ಹಾಕೋ ಮೊದಲೇ ನಾನು ಬಟ್ಟಲು ಒಡ್ಡಿ ತೂಕ ನೋಡಿದೆ. ನಾಲ್ಕು ಜನಕ್ಕೆ ಹಲಸಂದೆ ಕಾಳು ಮೂರು ಹಿಡಿ, ಅಂದ್ರೆ 180 ಗ್ರಾಂ. ದಂಟಿನ ಸೊಪ್ಪು ಒಂದು ಕಟ್ಟು. ಕಾಳು ಮುಕ್ಕಾಲು ಬೆಂದಾಗ ಸೊಪ್ಪು, ಉಪ್ಪು ಹಾಕಿ, ಬೆಂದ ಮೇಲೆ ನೀರು ಬಸಿಯಬೇಕು. ಆ ನೀರೇ ಸಾರು. ಕಾಳು, ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ರೆ ಪಲ್ಯ. ಖಾರಕ್ಕೆ ಸುಟ್ಟ ಒಣಮೆಣಸಿನಕಾಯಿ 8, ಬೆಳ್ಳುಳ್ಳಿ 10 ಎಸಳು, ಜೀರಿಗೆ ಒಂದು ಚಮಚ, ಕಾಳುಮೆಣಸು ಅರ್ಧ ಚಮಚ, ಗೋಲಿ ಗಾತ್ರದ ಹುಣಸೆ. ಎಲ್ಲ ಒರಳಲ್ಲಿ ಅರೆದು ಬೇರೆ ಇಟ್ಕೊಂಡು, ಮುದ್ದೆ ಮುರಿಯುವಾಗ ಬೇಕಾದಷ್ಟು ಸಾರಿಗೆ ಕಲಸಿಕೊಳ್ಳೋದು.

ಉಪ್ಪು ಮಾತ್ರ ತೂಕ ಮಾಡೋಕೆ ಅಜ್ಜಿ ಬಿಡಲಿಲ್ಲ.