ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯರು ಕಲಿತ ಬಗೆ

‘ಹಾಡುತ್ತ ಹಾಡುತ್ತ ರಾಗ’ ಎಂಬುದು ನಮ್ಮ ಹಿರಿಯರ ಗಾದೆ. ಕೈಯಿಂದ ಮಾಡುವ ಎಲ್ಲ ವಿದ್ಯೆಗಳಿಗೂ ಇದು ಸಲ್ಲುವ ಮಾತು. ಆದರೆ ಹಾಡುಗಾರನು ಅಪಸ್ವರ ಹಿಡಿದರೆ ಕೇಳುವವರಿಗೆ ಕ್ಷಣಕಾಲ ಬೇಸರವಾದೀತು, ಅಷ್ಟೆ. ಶಸ್ತ್ರವೈದ್ಯನ ಕೈ ತಪ್ಪಿದರೆ ರೋಗಿಯ ಕಿವಿಯೇ ಹೋದೀತು. ಹಾಗಾದರೆ ಕಲಿಯುವವನ ಮೊದಲ ತಪ್ಪುಗಳನ್ನು ಯಾರು ಹೊರಬೇಕು?

ಈ ಪ್ರಶ್ನೆ ನಮ್ಮ ಸುಶ್ರುತನಿಗೂ ಹೊಳೆದಿತ್ತು. ಶಾಸ್ತ್ರವನ್ನು ಓದಿದ ಶಿಷ್ಯನು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಗಳನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕೆಂದು ಅವನ ಸಂಹಿತೆ ವಿಧಿಸುತ್ತದೆ. ಹರಿದ ಕಿವಿಯನ್ನೂ ಕತ್ತರಿಸಿದ ಮೂಗನ್ನೂ ಜೋಡಿಸುವ ಕ್ರಮವನ್ನು ಹೇಳಿದ ಗ್ರಂಥವೂ ಅದೇ.

ಕಿವಿ ಗಂಟಲುಗಳ ಒಳಭಾಗದ ಚಿಕಿತ್ಸೆಗೆ ಮಾತ್ರ ಇನ್ನೊಂದು ತೊಡಕಿತ್ತು. ದಾರಿ ಇಕ್ಕಟ್ಟು, ಒಳಗೆ ಕತ್ತಲೆ. ಒಬ್ಬನ ಕಣ್ಣಿಗೆ ಕಾಣುವುದು ಪಕ್ಕದಲ್ಲಿ ನಿಂತವನಿಗೆ ಕಾಣದು. ಕಿವಿಯ ಹಿಂದಿನ ಎಲುಬಿನಲ್ಲಿ ಮುಖವನ್ನಾಡಿಸುವ ನರ ಹಾಯ್ದಿದೆ. ಅದರ ಮೇಲೆ ಮಿದುಳು, ಹಿಂದೆ ದೊಡ್ಡ ರಕ್ತನಾಳ. ಕೂದಲೆಳೆಯಷ್ಟು ತಪ್ಪಿದರೂ ಅನಾಹುತ. ಗುರು ಇಲ್ಲಿ ಶಿಷ್ಯನಿಗೆ ತೋರಿಸುವುದೆಂತು?

1854ರಲ್ಲಿ ಮಾನುಯೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕನು ಪುಟ್ಟ ಕನ್ನಡಿಯ ನೆರವಿನಿಂದ ತನ್ನ ಧ್ವನಿತಂತುಗಳನ್ನು ತಾನೇ ಕಂಡನು. ಕೆಲವೇ ವರ್ಷಗಳಲ್ಲಿ ಟ್ಯುರ್ಕ್ ಮತ್ತು ಚೆರ್ಮಾಕ್ ಎಂಬ ವೈದ್ಯರು ಆ ಕನ್ನಡಿಯನ್ನು ಚಿಕಿತ್ಸೆಗೆ ತಂದರು. 1873ರಲ್ಲಿ ಆಡಂ ಪೊಲಿಟ್ಸರ್ ಮತ್ತು ಯೋಸೆಫ್ ಗ್ರೂಬರ್ ವಿಯೆನ್ನಾ ನಗರದಲ್ಲಿ ಕಿವಿಯ ಚಿಕಿತ್ಸಾಲಯವನ್ನು ತೆರೆದಾಗ ದೇಶದೇಶಗಳ ವೈದ್ಯರು ಅಲ್ಲಿಗೆ ಯಾತ್ರಿಕರಂತೆ ನಡೆದರು. ಆದರೆ ಹೊರಗಿನಿಂದ ಬಂದ ಅನೇಕರು ಅಲ್ಪಕಾಲದ ಪಾಠವನ್ನು ಕೇಳಿ ಹಿಂದಿರುಗುವವರು. ನೋಡಿದ್ದು ಬಹಳ; ಮಾಡಿದ್ದು ಸ್ವಲ್ಪ.

ಈ ಕೊರತೆಯನ್ನು ತುಂಬಿದ್ದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ತರುಣನಾಗಿದ್ದಾಗ ವಿಯೆನ್ನಾವನ್ನೂ ಜರ್ಮನಿಯನ್ನೂ ಕಂಡು ಬಂದಿದ್ದ ವಿಲಿಯಂ ಹಾಲ್‌ಸ್ಟೆಡ್ ಅಲ್ಲಿ ಹೊಸದೊಂದು ಪದ್ಧತಿಯನ್ನು ಕಟ್ಟಿದನು. ಶಿಷ್ಯನು ಆಸ್ಪತ್ರೆಯಲ್ಲಿಯೇ ವಾಸಿಸಬೇಕು. ‘ರೆಸಿಡೆಂಟ್’ ಎಂಬ ಹೆಸರು ಬಂದದ್ದೇ ಇದರಿಂದ. ಮೊದಲು ನೋಡುವುದು, ಬಳಿಕ ನೆರವಾಗುವುದು, ಕಡೆಗೆ ಗುರುವಿನ ಹೊಣೆಯಲ್ಲಿ ತಾನೇ ಮಾಡುವುದು. ಜವಾಬ್ದಾರಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಪದ್ಧತಿ ಕಠೋರವೂ ಹೌದು: ಕಾಲಾವಧಿಗೆ ಮಿತಿಯಿರಲಿಲ್ಲ, ಅನೇಕರು ಸೇರಿದರೂ ತುದಿ ಮುಟ್ಟುವವರು ಕೆಲವರೇ.

1912ರಲ್ಲಿ ಹಾಲ್‌ಸ್ಟೆಡ್ ಕಿವಿ, ಮೂಗು, ಗಂಟಲಿನ ವಿಭಾಗವನ್ನು ಸ್ಯಾಮ್ಯುಯೆಲ್ ಕ್ರೋವ್ ಎಂಬ ತರುಣನಿಗೆ ಒಪ್ಪಿಸಿದನು. ಆತನಿಗೆ ಆ ಅಂಗಗಳ ವಿಶೇಷ ಶಿಕ್ಷಣವೇ ಇರಲಿಲ್ಲ. ಆದರೆ ಶಸ್ತ್ರವೈದ್ಯದ ಶಿಸ್ತು ಇತ್ತು. ಆ ಶಿಸ್ತಿನ ಮೇಲೆಯೇ ವಿಭಾಗ ಬೆಳೆಯಿತು. 1924ರಲ್ಲಿ ಅಮೆರಿಕದಲ್ಲಿ ಈ ಶಾಖೆಯ ತಜ್ಞರನ್ನು ಪರೀಕ್ಷಿಸುವ ಮಂಡಲಿಯೂ ಸ್ಥಾಪಿತವಾಯಿತು.

ಕತ್ತಲೆಯ ತೊಡಕನ್ನು ಕಳೆದದ್ದು ಸೂಕ್ಷ್ಮದರ್ಶಕ. 1921ರಲ್ಲಿ ಸ್ವೀಡನ್ ದೇಶದ ನೀಲೇನ್ ಅದನ್ನು ಕಿವಿಯ ಶಸ್ತ್ರಕ್ರಿಯೆಗೆ ಬಳಸಿದನು. ಮುಂದೆ ಅದಕ್ಕೆ ಇನ್ನೊಂದು ನೋಟದ ಕೊಳವೆಯನ್ನು ಜೋಡಿಸಿದ ಮೇಲೆ, ಗುರು ಕಂಡದ್ದನ್ನು ಶಿಷ್ಯನೂ ಅದೇ ಗಳಿಗೆಯಲ್ಲಿ ಕಾಣುವಂತಾಯಿತು. ಇಂದು ಕ್ಯಾಮೆರಾದ ಪರದೆ ಅದನ್ನು ಕೋಣೆಯವರಿಗೆಲ್ಲ ತೋರಿಸುತ್ತದೆ.

ನಮ್ಮ ದೇಶದಲ್ಲಿ ಈಗ ಎಂ.ಬಿ.ಬಿ.ಎಸ್. ಮುಗಿಸಿದವರು ಮೂರು ವರ್ಷ ಎಂ.ಎಸ್. ಕಲಿಯುತ್ತಾರೆ. ಜೀವಂತ ಕಿವಿಯನ್ನು ಮುಟ್ಟುವ ಮೊದಲು ಮೃತರ ಎಲುಬನ್ನು ಕೊರೆದು ಅಭ್ಯಾಸ ಮಾಡುತ್ತಾರೆ. ಸುಶ್ರುತನ ಕುಂಬಳಕಾಯಿಯ ಪಾಠವೇ ಅಲ್ಲವೆ ಇದು?

ಆದರೂ ಒಂದು ದಿನ ಮೊದಲ ರೋಗಿ ಬಂದೇ ಬರುತ್ತಾನೆ. ಅವನ ನಂಬಿಕೆಯಿಲ್ಲದೆ ಯಾವ ವೈದ್ಯನೂ ಸಿದ್ಧನಾಗನು. ಗುರುಋಣವನ್ನು ನಾವು ನೆನೆಯುತ್ತೇವೆ. ಹೆಸರು ಉಳಿಯದ ಆ ರೋಗಿಗಳ ಋಣ ಅದಕ್ಕಿಂತ ಕಿರಿದಲ್ಲ. ಕಲಿಯುವವನ ಪಕ್ಕದಲ್ಲಿ ಗುರು ಎಚ್ಚರದಿಂದ ನಿಲ್ಲುವುದೇ ಆ ಋಣವನ್ನು ತೀರಿಸುವ ದಾರಿ.