ಮಲ್ಲಯ್ಯನ ಕಂಬಿ

ಯುಗಾದಿ ಸಮೀಪಿಸುತ್ತಿದ್ದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಸೊಲ್ಲಾಪುರದ ಕಡೆಯಿಂದಲೂ ಭಕ್ತಸಮೂಹವು ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ತೆರಳುವುದು ತಲೆಮಾರುಗಳಿಂದ ನಡೆದುಬಂದ ಸಂಪ್ರದಾಯ. ಈ ಯಾತ್ರಿಕರು ಹೆಗಲ ಮೇಲೆ ಹೊತ್ತು ನಡೆಯುವ ಪವಿತ್ರ ವಸ್ತುವೇ ಕಂಬಿ. ಎರಡು ತುದಿಗಳಲ್ಲಿ ಹೊರೆಯನ್ನು ತೂಗಿಬಿಟ್ಟು ಹೆಗಲಲ್ಲಿ ಹೊರುವ ದಂಡಕ್ಕೆ ಕನ್ನಡದಲ್ಲಿ ಈ ಹೆಸರಿದೆ. ತಮಿಳರ ಕಾವಡಿಯೂ ಇದೇ ಬಗೆಯದು. ನೀರು ಹೊರುವ ದುಡಿಮೆಯ ಸಾಧನವೇ ಮಲ್ಲಯ್ಯನ ಹೆಸರಿನಲ್ಲಿ ಪೂಜ್ಯವಾಗಿದೆ. ದಾರಿಯ ಊರುಗಳಲ್ಲಿ ಕಂಬಿಗೆ ಪೂಜೆ, ಹೊತ್ತವರಿಗೆ ದಾಸೋಹ.

ಕನ್ನಡ ಭಕ್ತರು ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸುತ್ತಾರೆ. ಆದುದರಿಂದಲೇ ಸೀರೆ, ಕುಪ್ಪಸ, ಬಳೆ, ಅರಿಷಿಣ-ಕುಂಕುಮಗಳನ್ನು ತವರಿನ ಉಡುಗೊರೆಯಾಗಿ ಒಯ್ಯುತ್ತಾರೆ. ಆತ್ಮಕೂರಿನಿಂದ ನಾಗಲೂಟಿ, ಭೀಮುನಿಕೊಳನುಗಳ ಮೂಲಕ ನಲ್ಲಮಲ ಅರಣ್ಯವನ್ನು ದಾಟಿ ಕೈಲಾಸದ್ವಾರವನ್ನು ಸೇರುವ ಕಾಲುದಾರಿ ಇಂದಿಗೂ ದುರ್ಗಮವಾದುದು. ೧೪ನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನು. ಅದಕ್ಕೂ ಮೊದಲೇ ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು ಕೃತಿ 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಈ ಪರ್ವತದ ಶಿವರಾತ್ರಿಯ ಯಾತ್ರಿಕರನ್ನು ವಿಸ್ತಾರವಾಗಿ ವರ್ಣಿಸಿದ್ದನು.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಎದೆಯ ಮೇಲೆ ಇಷ್ಟಲಿಂಗವಿರುವಾಗ ಲಿಂಗವಂತನು ದೂರದ ಗಿರಿಗೆ ನಡೆಯುವುದೇಕೆ? ತೀರ್ಥಕ್ಷೇತ್ರಗಳಲ್ಲಿ ದೇವರನ್ನು ಅರಸುವವರನ್ನು ಶರಣರು ವಚನಗಳಲ್ಲಿ ನಿಷ್ಠುರವಾಗಿಯೇ ಪ್ರಶ್ನಿಸಿದ್ದಾರೆ. ಆದರೂ ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಆಕೆಯ ಕೊನೆಯ ನೆಲೆ ಶ್ರೀಶೈಲದ ಕದಳಿ.

ಈ ಪ್ರಶ್ನೆಗೆ ಸೊನ್ನಲಿಗೆಯ ಸಿದ್ಧರಾಮನ ಬದುಕು ಬೆಳಕು ನೀಡುತ್ತದೆ. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದಲ್ಲಿ, ಹೊಲಕ್ಕೆ ಬಂದು ಉಣಿಸು ಬೇಡಿದ ಮಲ್ಲಯ್ಯನಿಗಾಗಿ ಬಾಲಕನು ಮನೆಯಿಂದ ಬುತ್ತಿ ತರುವಷ್ಟರಲ್ಲಿ ಅತಿಥಿಯು ಕಾಣೆಯಾಗಿರುತ್ತಾನೆ. ಬಾಲಕನು ಯಾತ್ರಿಕರೊಡನೆ ಶ್ರೀಶೈಲಕ್ಕೆ ಹೋಗಿ, ಮಲ್ಲಯ್ಯನನ್ನು ಕಾಣದೆ ಕಮರಿಗೆ ಹಾರಲು ಸಿದ್ಧನಾದಾಗ ದೇವನು ದರ್ಶನವಿತ್ತು ಊರಿಗೆ ಹಿಂದಿರುಗಿಸುತ್ತಾನೆ. ಅಲ್ಲಿಂದ ಮರಳಿದ ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆಯನ್ನು ತೋಡಿಸಿದನು, ಗುಡಿಯನ್ನು ಕಟ್ಟಿಸಿದನು. ಅಷ್ಟಕ್ಕೂ ಅವನ ಯಾತ್ರೆ ಮುಗಿಯಲಿಲ್ಲ. ಶೂನ್ಯಸಂಪಾದನೆಯ ಪ್ರಕಾರ ಅಲ್ಲಮಪ್ರಭುಗಳು ಅವನ ಕಟ್ಟಡಗಳ ಅಭಿಮಾನವನ್ನು ಪ್ರಶ್ನಿಸಿ ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚೆನ್ನಬಸವಣ್ಣನವರಿಂದ ಅವನಿಗೆ ಲಿಂಗದೀಕ್ಷೆಯಾಯಿತು.

ಗಿರಿಯಿಂದ ಊರಿಗೆ, ಊರಿನಿಂದ ತನ್ನೊಳಗಿಗೆ ಬಂದ ಈ ದಾರಿಯೇ ಕಂಬಿ ಹೊತ್ತವರಿಗೂ ಮಾದರಿ. ಕಂಬಿಯಲ್ಲಿರುವುದು ದೇವರ ಭಾರವಲ್ಲ, ಭಕ್ತನ ಸೇವೆ. ಯಾತ್ರೆಯಿಂದ ಮರಳಿದ ಮೇಲೆ ಊರುಗಳಲ್ಲಿ ಮಲ್ಲಯ್ಯನ ಐದೇಶಿಯನ್ನು ನೆರವೇರಿಸುತ್ತಾರೆ. ದಾರಿಯಲ್ಲಿ ಅಪರಿಚಿತರ ಕೈಯಿಂದ ಉಂಡವನು ತನ್ನ ಊರಿನಲ್ಲಿ ಹಸಿದು ಬಂದವನಿಗೆ ಉಣಬಡಿಸಿದರೆ ಹೊತ್ತ ಕಂಬಿ ಸಾರ್ಥಕ. ಅದನ್ನು ಮರೆತರೆ ಹೆಗಲಿಗೆ ಉಳಿಯುವುದು ನೋವು ಮಾತ್ರ.