ಅಣ್ಣಿಗೇರಿಗೆ ಬಂದ ಕಡಲು

ಅಣ್ಣಿಗೇರಿ ಕಡಲಿನಿಂದ ಬಲು ದೂರದ ಊರು. ಪಂಪನ ತಾಯಿ ಅಬ್ಬಣಬ್ಬೆ ಇಲ್ಲಿಯ ಜೋಯಿಸ ಸಿಂಘನ ಮೊಮ್ಮಗಳು; ಚಾಲುಕ್ಯರ ಕೊನೆಯ ಅರಸ ನಾಲ್ವಡಿ ಸೋಮೇಶ್ವರ ಇದನ್ನು ತನ್ನ ರಾಜಧಾನಿ ಮಾಡಿಕೊಂಡಿದ್ದ. ಇಂಥ ಕೀರ್ತಿಗಳು ಊರಿಗೆ ಹಲವಾರು ಉಂಟು. ಆದರೆ ಕಡಲಿನ ನೆಂಟಸ್ತನವೆಂದರೆ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಹಿಂದೆ ಘಟ್ಟ ಹತ್ತಿ ಈ ಬಯಲುಸೀಮೆಗೆ ಬರುತ್ತಿದ್ದುದಷ್ಟೆ. ಅಂಥ ಊರಿನಲ್ಲಿ, ನನ್ನ ಅಣ್ಣನ ಮನೆಯ ಪಡಸಾಲೆಯಲ್ಲಿ, ಇನ್ನೂರು ಲೀಟರಿನ ಒಂದು ಕಡಲು ಬಂದು ಕೂತಿತು. ಅಣ್ಣನ ಮಗ ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಾನೆ. ಅಂಕೋಲೆ, ಯಲ್ಲಾಪುರ, ಕಲಘಟಗಿಯ ದಾರಿಯಲ್ಲಿ ಕ್ಯಾನುಗಳಲ್ಲಿ ಸಮುದ್ರದ ನೀರು ಹೊತ್ತು ತಂದು ಗಾಜಿನ ತೊಟ್ಟಿಗೆ ತುಂಬಿದ. ಕಲ್ಲು, ನಾಲ್ಕಾರು ಬಸವನಹುಳು, ಒಂದು ಸಿಗಡಿ, ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯಿದ್ದ ಎರಡು ಕ್ಲೌನ್ ಮೀನು ಬಿಟ್ಟ. ಮೀನು ತಿನ್ನದ ಮನೆಯಲ್ಲಿ ಮೀನಿಗೆ ಇಷ್ಟು ಉಪಚಾರವೇ ಎಂದು ನೆರೆಯವರು ನಕ್ಕರು. ವೈನಿ ಮಾತ್ರ ನಗಲಿಲ್ಲ. ಅವರ ತವರು ನವಲಗುಂದ. ಅಲ್ಲಿಯ ಕರಿನೆಲದಲ್ಲಿ ಬಾವಿ ತೋಡಿದರೆ ಸವುಳು ನೀರು, ಕುಡಿಯುವುದಕ್ಕೆ ನೀಲಮ್ಮನ ಕೆರೆ. “ಉಪ್ಪುನೀರು ನಮಗೇನು ಹೊಸಾದಲ್ಲ” ಎಂದರು.

ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಗಾಳಿಮಳೆ ಬಡಿದು ಕರೆಂಟು ಹೋಯಿತು. ರಾತ್ರಿಯೆಲ್ಲ ಬರಲಿಲ್ಲ. ಬೆಳಗಿನ ಜಾವ ವೈನಿ ಎಬ್ಬಿಸಿದರು: “ಲಗೂನ ಏಳಪಾ, ಮೀನಿಗೆ ಏನೋ ಆಗೇದ.” ಕಂದೀಲು ಹಿಡಿದು ನೋಡಿದರೆ ಎರಡೂ ಮೀನು ನೀರಿನ ಮೇಲಂಚಿಗೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ, ಕಿವಿರುಗಳು ತಿದಿಯ ಹಾಗೆ ಬಡಿದುಕೊಳ್ಳುತ್ತಿವೆ. ಚಿಕ್ಕದು ಆಗಲೇ ಒಂದು ಮಗ್ಗುಲಿಗೆ ವಾಲಿತ್ತು. ವೈನಿ ಅರಿಷಿಣ ಹಾಕೋಣವೆಂದರು. ಮೀನಿಗೆ ತಾಮ್ರ ಮದ್ದೆಂದು ನಾನು ಎಲ್ಲಿಯೋ ಓದಿದ್ದೆ. ಅಣ್ಣನ ಅಟ್ಟದ ಮೇಲೆ ಹೊಲಕ್ಕೆಂದು ತಂದ ಮೈಲುತುತ್ತದ ಪೊಟ್ಟಣವಿದ್ದುದು ನೆನಪಾಯಿತು. ಎಂ.ಎ. ಪದವೀಧರನ ಧೈರ್ಯಕ್ಕೆ ಮೇರೆಯುಂಟೆ? ಪೊಟ್ಟಣವನ್ನು ಇಳಿಸಿಯೇ ಬಿಟ್ಟೆ. ಅಷ್ಟರಲ್ಲಿ ಹುಡುಗನ ಫೋನು ಸಿಕ್ಕಿತು, ಪುಣ್ಯ. “ಕಾಕಾ, ಮೈಲುತುತ್ತ ಮುಟ್ಟಬ್ಯಾಡ್ರಿ. ಮೊದಲ ನೀರಿಗೆ ಗಾಳಿ ಕೊಡ್ರಿ. ತಂಬಿಗಿಲೆ ಎತ್ತಿ ಎತ್ತಿ ಹೊಯ್ಯಿರಿ.”

ಹೊಯ್ದೆವು. ನಾನು ಸ್ವಲ್ಪ ಹೊತ್ತು, ವೈನಿ ಸ್ವಲ್ಪ ಹೊತ್ತು, ಬೆಳಕು ಹರಿಯುವ ತನಕ.

ಆಮೇಲೆ ಧಾರವಾಡಕ್ಕೆ ಮರಳಿ ಈ ಗಾಜಿನ ಕಡಲುಗಳ ಚರಿತ್ರೆಯನ್ನು ಓದತೊಡಗಿದಾಗ ನಮ್ಮ ಆ ತಂಬಿಗೆಯೇ ನನಗೆ ಅಲ್ಲಿ ಎದುರಾಯಿತು. 1846ರಲ್ಲಿ ಲಂಡನ್ನಿನ ಆನಾ ಥಿನ್ ಎಂಬ ಪಾದ್ರಿಪತ್ನಿ ಟಾರ್ಕಿಯ ಕರಾವಳಿಯಿಂದ ಜೀವಂತ ಹವಳದ ಜೀವಿಗಳನ್ನು ಮನೆಗೆ ತಂದಳು. ಕಡಲ ನೀರನ್ನು ತರಿಸಿ ತರಿಸಿ ಬದಲಿಸುವುದು ಸಾಗದಾದಾಗ, ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹೊಯ್ಯುವ ಉಪಾಯ ಹೂಡಿದಳು. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಈ ಕೆಲಸ. ಹೊಯ್ದವಳು ಮನೆಯ ಕೆಲಸದ ಹುಡುಗಿ. ಯಜಮಾನತಿಯ ಹೆಸರು ಚರಿತ್ರೆಯಲ್ಲಿ ನಿಂತಿತು. ರಟ್ಟೆ ಸೋತವಳ ಹೆಸರನ್ನು ನಾನು ಓದಿದ ಪುಸ್ತಕಗಳು ಹೇಳುವುದಿಲ್ಲ. ಒಂದು ರಾತ್ರಿ ಆ ಕೆಲಸ ಮಾಡಿದವನಾದ್ದರಿಂದ ನನಗೆ ಇದು ಸಣ್ಣ ಸಂಗತಿಯೆನಿಸುವುದಿಲ್ಲ.

ಆಕೆಗಿಂತ ಮೊದಲೇ, 1832ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿದ್ದ ಫ್ರೆಂಚ್ ಮಹಿಳೆ ಜಾನ್ ವಿಲ್‌ಪ್ರೂ-ಪವರ್ ಕಡಲ ಜೀವಿಗಳನ್ನು ಅಭ್ಯಸಿಸಲು ಗಾಜಿನ ತೊಟ್ಟಿ ಕಟ್ಟಿಸಿದ್ದಳು. ಬಟ್ಟೆ ಹೊಲಿಯುವ ಕೆಲಸದಿಂದ ಬದುಕು ಆರಂಭಿಸಿದವಳು ಆಕೆ. ಆದರೆ ಮೀನಿನ ಕಾಹಿಲೆಯ ಗುಟ್ಟು ನೀರಿನಲ್ಲಿದೆಯೆಂದು ತೋರಿಸಿದವನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ. 1850ರಲ್ಲಿ ಆತ ಪ್ರಕಟಿಸಿದ ಪ್ರಯೋಗ ಸಿಹಿನೀರಿನದು: ಎರಡು ಬಂಗಾರದ ಮೀನು, ಒಂದು ನೀರುಗಿಡ. ಗಿಡ ಪ್ರಾಣವಾಯು ಕೊಡುತ್ತಿತ್ತು, ಮೀನು ಉಸಿರಾಡುತ್ತಿತ್ತು. ಆದರೂ ಎಲೆ ಕೊಳೆತು ನೀರು ಕೆಡತೊಡಗಿತು. ಆತ ಮೀನಿಗೆ ಮದ್ದು ಹಾಕಲಿಲ್ಲ, ಬಸವನಹುಳು ಬಿಟ್ಟ. ಅವು ಕೊಳೆತುದನ್ನು ತಿಂದವು, ನೀರು ತಿಳಿಯಾಯಿತು. ಇದೇ ಸೂತ್ರವನ್ನು ಕಡಲ ನೀರಿಗೂ ಹೊಂದಿಸಿದರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅದು ಮಧ್ಯಮವರ್ಗದ ಮನೆಗಳ ಹುಚ್ಚಾಯಿತು. ಕಡಲಿಲ್ಲದ ಊರಿನವರಿಗಾಗಿ ಗಾಸ್ ನಾಲ್ಕು ಲವಣ ಬೆರೆಸಿ ಕಡಲ ನೀರನ್ನೇ ತಯಾರಿಸಿ ತೋರಿಸಿದ. ಅಡಿಗೆಯ ಉಪ್ಪೊಂದರಿಂದ ಕಡಲಾಗದು.

ಹುಚ್ಚು ಬೇಗನೆ ಇಳಿಯಿತು. ಗಿಡವಿದ್ದರೂ ಹುಳವಿದ್ದರೂ ಎಷ್ಟೋ ತೊಟ್ಟಿಗಳಲ್ಲಿ ಮೀನು ಸಾಯುತ್ತಲೇ ಇದ್ದವು. ಮೀನಿನ ಮೈಯಿಂದಲೇ ಅಮೋನಿಯಾ ಹೊರಬೀಳುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ವಿಷವನ್ನು ಇಳಿಸುತ್ತವೆ. ಇದು ಜೀವಿಗಳ ಕೆಲಸವೆಂದು ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ 1877ರಲ್ಲಿ ತೋರಿಸಿದರು. 1890ರ ಸುಮಾರಿಗೆ ವಿನೋಗ್ರಾಡ್ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿದ. ಅವಕ್ಕೂ ಪ್ರಾಣವಾಯು ಬೇಕು. ನೀರು ಹರಿಯುವುದು ನಿಂತರೆ ಮೀನಿನೊಡನೆ ಅವೂ ಉಸಿರುಗಟ್ಟುತ್ತವೆ, ಅಮೋನಿಯಾ ಏರುತ್ತದೆ. ಮೊದಲೇ ಕಡಲ ನೀರಿನಲ್ಲಿ ಸಿಹಿನೀರಿಗಿಂತ ಪ್ರಾಣವಾಯು ಕಡಿಮೆ ಕರಗುತ್ತದೆ. ಬೆಚ್ಚಗಾದಂತೆ ಇನ್ನೂ ಕಡಿಮೆ. ಅಣ್ಣಿಗೇರಿಯ ಬೇಸಿಗೆಯ ರಾತ್ರಿಯಲ್ಲಿ ಪಂಪು ನಿಂತಾಗ ನಮ್ಮ ಪಡಸಾಲೆಯಲ್ಲಿ ನಡೆದದ್ದು ಇಷ್ಟೆ.

ಕನ್ನಡದ ಮೇಷ್ಟರಾದ ನನಗೆ ನಮ್ಮವರು ಏನು ಬರೆದರೆಂದು ನೋಡುವ ಚಪಲ. ಚಾಲುಕ್ಯ ಮನೆತನದ ಕೀರ್ತಿವರ್ಮ 1125ರ ಸುಮಾರಿಗೆ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಆತನ ಅಣ್ಣ ಆರನೆಯ ವಿಕ್ರಮಾದಿತ್ಯ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿ, ಅದರಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವನ್ನೇ ಇರಿಸಿದ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ತಿನಿಸು ಎಂಬುದೆಲ್ಲ ಅಲ್ಲುಂಟು. ಒಳನಾಡಿನ ಅರಸನಿಗೆ ಇಷ್ಟು ತಿಳಿದಿತ್ತೇ ಎಂದು ಬೆರಗಾಗುತ್ತದೆ. ಆದರೆ ಹಿಟ್ಟಿನುಂಡೆ ಹಾಕಿ ಮೀನನ್ನು ಕೊಬ್ಬಿಸುವುದೆಲ್ಲ ಗಾಳಕ್ಕೆ ಸಿಕ್ಕಿಸುವುದಕ್ಕೆ. ಕಾಕಾ ಆಕಳಿಗೆ ಮದ್ದು ಬರೆದ, ಅಣ್ಣನ ಮಗ ಮೀನಿಗೆ ಗಾಳ ಬರೆದ. ನಮ್ಮ ಮನೆಯಲ್ಲಿ ಪಾತ್ರ ಅದಲುಬದಲಾಗಿತ್ತು: ಮದ್ದು ಹಿಡಿದು ನಿಂತಿದ್ದ ಕಾಕಾನೇ ಅಪಾಯಕಾರಿ.

ಚಿಕ್ಕ ಮೀನು ಬೆಳಿಗ್ಗೆ ಸತ್ತಿತು. ಕೂಡಿಟ್ಟಿದ್ದ ಕಡಲ ನೀರಿನಿಂದ ತೊಟ್ಟಿಯ ಕಾಲುಭಾಗ ಬದಲಿಸಿದೆವು. ಎರಡು ದಿನ ತಿನಿಸು ಹಾಕಲಿಲ್ಲ. ದೊಡ್ಡದು ಚೇತರಿಸಿಕೊಂಡಿತೆನ್ನುವಾಗ, ಮೂರನೆಯ ದಿನ, ಅದರ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳೆದ್ದವು. ಹುಡುಗ ಕಾರವಾರದಿಂದ ಓಡಿಬಂದ. ಇದು ಕ್ರಿಪ್ಟೊಕಾರಿಯಾನ್ ಎಂಬ ಏಕಕೋಶ ಪರಾವಲಂಬಿ ಎಂದ. ಸತ್ತ ಮೀನನ್ನು ಆತ ಹದಿನೈದು ದಿನದ ಹಿಂದಷ್ಟೆ ತಂದು, ಬೇರೆ ಪಾತ್ರೆಯಲ್ಲಿ ಇಟ್ಟು ನೋಡದೆ, ನೇರವಾಗಿ ತೊಟ್ಟಿಗೆ ಬಿಟ್ಟಿದ್ದನಂತೆ. “ತಪ್ಪು ನಂದೇರಿ ಕಾಕಾ” ಎಂದು ತಲೆ ತಗ್ಗಿಸಿದ.

ಈ ರೋಗಕ್ಕೆ ಹೆಸರು ಬಂದದ್ದು 1951ರಲ್ಲಿ. ಹೆಸರಿಟ್ಟವರು ಬ್ರೌನ್ ಎಂಬ ಸಂಶೋಧಕರು; ಕಿವಿರಿಗೆ ಹತ್ತುವ ಇನ್ನೊಂದು ಮಾರಕ ಜೀವಿಯನ್ನು 1931ರಲ್ಲಿ ವರ್ಣಿಸಿದವರೂ ಅವರೇ. ನಮ್ಮ ಧಾರವಾಡವೂ ಆಗ ಸೇರಿದ್ದ ಮುಂಬಯಿ ರಾಜ್ಯದ ರಾಜಧಾನಿಯಲ್ಲಿ ತಾರಾಪೊರೆವಾಲಾ ಮತ್ಸ್ಯಾಲಯ ತೆರೆದದ್ದೂ ಅದೇ 1951ರಲ್ಲಿ. ಅಂದರೆ ಗಾಜಿನ ತೊಟ್ಟಿಗೆ ನೂರು ವರ್ಷ ತುಂಬಿದ ಮೇಲೆ ರೋಗಕ್ಕೆ ಹೆಸರು ಸಿಕ್ಕಿತು. ನೀರನ್ನು ಬದುಕಿಸುವುದನ್ನು ಕಲಿತು ಎಷ್ಟೋ ಕಾಲಕ್ಕೆ ಮೀನಿಗೆ ಮದ್ದು ಬಂತು.

ರೋಗದ ಮೋಸವೂ ವಿಚಿತ್ರವಾದದ್ದು. ಚುಕ್ಕೆಗಳು ನಾಲ್ಕಾರು ದಿನಕ್ಕೆ ತಾವಾಗಿ ಮಾಯವಾಗುತ್ತವೆ. ನೋಡಿದವರು ಗುಣವಾಯಿತೆಂದು ಹಿಗ್ಗುತ್ತಾರೆ. ಅವು ಮಾಯವಾಗುವುದಿಲ್ಲ, ತಳಕ್ಕೆ ಬಿದ್ದು ಕೋಶ ಕಟ್ಟಿ, ಒಂದೊಂದೂ ನೂರಾರಾಗಿ ಒಡೆದು ಮತ್ತೆ ಮೀನನ್ನು ಹುಡುಕುತ್ತವೆ. ತಾಮ್ರ ಇದಕ್ಕೆ ಮದ್ದು ಹೌದು. ಆದರೆ ಅಳತೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ನಮ್ಮ ತೊಟ್ಟಿಗೆ ಹೆಚ್ಚೆಂದರೆ ಒಂದೂಕಾಲು ಗುಲಗಂಜಿ ತೂಕದ ಮೈಲುತುತ್ತ. ನಾನು ಆ ರಾತ್ರಿ ಕೈಯಲ್ಲಿ ಹಿಡಿದದ್ದು ಒಂದು ಚಮಚ. ಆ ಗುಲಗಂಜಿಯ ಅಳತೆ ಕೂಡ ಸಿಗಡಿಗೂ ಬಸವನಹುಳುವಿಗೂ ವಿಷ.

ಹುಡುಗ ತಾಮ್ರ ಬಳಸಲಿಲ್ಲ. ಎರಡು ಪ್ಲಾಸ್ಟಿಕ್ ಟಬ್ಬು ತಂದು, ಮೂರು ಮೂರು ದಿನಕ್ಕೊಮ್ಮೆ ಮೀನನ್ನು ಒಂದರಿಂದ ಇನ್ನೊಂದರ ಹೊಸ ನೀರಿಗೆ ಸಾಗಿಸಿದ, ನಾಲ್ಕು ಸಲ. ಬಿದ್ದ ಕೋಶಗಳು ಒಡೆಯುವ ಮೊದಲೇ ಹಳೆಯ ಟಬ್ಬನ್ನು ತೊಳೆದು ಒಣಗಿಸುತ್ತಿದ್ದ. ತೊಟ್ಟಿಯನ್ನು ಹತ್ತು ವಾರಕ್ಕೂ ಹೆಚ್ಚು ಕಾಲ ಮೀನಿಲ್ಲದೆ ಬಿಟ್ಟ. ಆಶ್ರಯ ಸಿಗದೆ ಪರಾವಲಂಬಿ ಅಲ್ಲಿಯೇ ನಶಿಸಬೇಕೆಂದು. ಅಷ್ಟು ದಿನವೂ ಸಿಗಡಿ ಒಂಟಿಯಾಗಿ ಕಡಲನ್ನಾಳಿತು.

ಮೀನು ಈಗ ತೊಟ್ಟಿಗೆ ಮರಳಿದೆ. ಮಗ್ಗುಲಲ್ಲಿ ಒಂದು ಸ್ಟೀಲ್ ತಂಬಿಗೆ ಇರುತ್ತದೆ. ಅದರಲ್ಲಿ ಯಾರೂ ನೀರು ಕುಡಿಯಬಾರದೆಂದು ವೈನಿಯ ಕಟ್ಟಪ್ಪಣೆ. ಮೋಡ ಕವಿದರೆ ಅವರು ಮೊದಲು ಒಣಹಾಕಿದ ಬಟ್ಟೆ ತರುತ್ತಿದ್ದರು. ಈಗ ಮೊದಲು ತಂಬಿಗೆ ಎಲ್ಲಿದೆಯೆಂದು ನೋಡುತ್ತಾರೆ.